ಕೊಕ್ಕೆ ಮೊದಲು, ಕೈ ಆಮೇಲೆ

ಅಮೆರಿಕದಲ್ಲಿ ಹಾವು ಸಾಕುವವರ ನಡುವೆ ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್‌ಗೆ ಹೊಟ್ಟೆಬಾಕನೆಂಬ ಹೆಸರಿದೆ. ಬಾಲ್ ಪೈಥಾನ್ ಸಾಕಿದವರು ತಿಂಗಳುಗಟ್ಟಲೆ ಉಪವಾಸ ಕೂತ ಹಾವಿನ ಮುಂದೆ ಇಲಿ ಹಿಡಿದು ಓಲೈಸುತ್ತಿದ್ದರೆ, ಕಿಂಗ್‌ಸ್ನೇಕ್‌ನವರಿಗೆ ಬೆರಳು ಕಾಯ್ದುಕೊಳ್ಳುವುದೇ ಕೆಲಸ. ಪೆಟ್ಟಿಗೆಯ ಗಾಜು ಸರಿದದ್ದೇ ತಡ, ಮೊನ್ನೆಯಷ್ಟೇ ಉಂಡ ಹಾವು ಮತ್ತೆ ಬಾಯಿ ತೆರೆದು ಬರುತ್ತದೆ. ಹೊಸಬರು ಇದನ್ನು ಕಂಡು ‘ಈ ಹಾವು ಕೋಪಿಷ್ಠ’ ಎಂದು ಬೇರೆಯವರಿಗೆ ಕೊಟ್ಟುಬಿಡುವುದುಂಟು. ಅದು ಹಾವಿಗೆ ಮಾಡುವ ಅನ್ಯಾಯ ಎಂದೇ ನನ್ನ ಭಾವನೆ.

ಹಾವು ಹನ್ನೆರಡು ವರ್ಷ ಹಗೆ ಸಾಧಿಸುತ್ತದೆಂದು ಕೇಳುತ್ತ ಬೆಳೆದ ನಮಗೆ ಪ್ರತಿ ಕಡಿತದಲ್ಲೂ ಸಿಟ್ಟೇ ಕಾಣುತ್ತದೆ. ಆದರೆ ಹೆದರಿದ ಹಾವಿನ ಚಹರೆಯೇ ಬೇರೆ. ಅದು ಕತ್ತು ಮಡಿಸಿ ಹಿಂದೆಳೆದುಕೊಳ್ಳುತ್ತದೆ, ಬುಸುಗುಡುತ್ತದೆ, ಬಾಲ ಅದುರಿಸುತ್ತದೆ. ಕಚ್ಚಿದರೂ ತಕ್ಷಣ ಬಿಟ್ಟು ದೂರ ಸರಿಯುತ್ತದೆ. ಊಟಕ್ಕೆ ಬಂದ ಹಾವಿನಲ್ಲಿ ಈ ಯಾವ ಗದ್ದಲವೂ ಇಲ್ಲ. ನಾಲಿಗೆ ಚುರುಕಾಗುತ್ತದೆ, ತಲೆ ನಿಮ್ಮ ಕೈ ಹೋದತ್ತ ತಿರುಗುತ್ತದೆ, ಆಮೇಲೆ ಕಚ್ಚಿ ಹಿಡಿದು ಸುತ್ತಿಕೊಳ್ಳುತ್ತದೆ. ಬಿಡುವ ಯೋಚನೆಯೇ ಅದಕ್ಕಿರುವುದಿಲ್ಲ.

ಕಿಂಗ್‌ಸ್ನೇಕ್‌ನ ಈ ಹಿಡಿತಕ್ಕೆ ಕಾರಣವಿದೆ. ನಮ್ಮ ಮಲೆನಾಡಿನ ಕಾಳಿಂಗದಂತೆ ಇದೂ ಹಾವುಗಳನ್ನು ತಿನ್ನುವ ಹಾವು, ಎರಡಕ್ಕೂ ಹತ್ತಿರದ ನಂಟಿಲ್ಲದಿದ್ದರೂ. ರ‍್ಯಾಟಲ್‌ಸ್ನೇಕ್‌ ಎಂಬ ವಿಷಸರ್ಪದ ವಿಷವನ್ನೂ ತಾಳಿಕೊಂಡು ಅದನ್ನು ನುಂಗುತ್ತದೆ. ಡೇವಿಡ್ ಪೆನ್ನಿಂಗ್ ಮತ್ತು ಬ್ರಾಡ್ ಮೂನ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದೇ ಗಾತ್ರದ ರ‍್ಯಾಟ್‌ಸ್ನೇಕ್‌ಗಳಿಗಿಂತ ಕಿಂಗ್‌ಸ್ನೇಕ್‌ಗಳ ಬಿಗಿತ ಹೆಚ್ಚೆಂದು ಕಂಡುಬಂತು. ಸ್ನಾಯುಗಳ ಗಾತ್ರದಲ್ಲಿ ವ್ಯತ್ಯಾಸವಿರಲಿಲ್ಲ, ಸುತ್ತುವ ಕ್ರಮದಲ್ಲಿತ್ತು. ಕಿಂಗ್‌ಸ್ನೇಕ್ ಸ್ಪ್ರಿಂಗಿನಂತೆ ಒಪ್ಪವಾಗಿ ಸುರುಳಿ ಹಾಕುತ್ತದೆ. ಇಂಥ ಹಾವುಗಳೆರಡನ್ನು ಒಂದೇ ಪೆಟ್ಟಿಗೆಯಲ್ಲಿಟ್ಟರೆ ಒಂದು ಇನ್ನೊಂದರ ಊಟವಾದೀತು.

ಈಗ ಕೈಯ ವಿಚಾರ. ಸೀಳುನಾಲಿಗೆ ಹೊತ್ತು ತಂದ ವಾಸನೆಯನ್ನು ಬಾಯಿಯ ಮೇಲಂಗಳದಲ್ಲಿರುವ ಜೇಕಬ್ಸನ್ ಅಂಗ ಓದುತ್ತದೆ. ಇಲಿ ಮುಟ್ಟಿದ ಕೈ ಅದರ ಪಾಲಿಗೆ ಇಲಿಯೇ. ಅನೇಕ ಪೈಥಾನ್‌ಗಳ ತುಟಿಯಲ್ಲಿ ಶಾಖ ಗ್ರಹಿಸುವ ಕುಳಿಗಳೂ ಇವೆ. ಅವುಗಳ ಮುಂದೆ ಮೇಲಿನಿಂದ ಇಳಿಯುವ ಬಿಸಿ ಅಂಗೈ ಬೇಟೆಯಂತೆಯೇ ತೋರುತ್ತದೆ. ಬಾಗಿಲು ತೆರೆದಾಗಲೆಲ್ಲ ಇಲಿಯೇ ಬರುತ್ತಿದ್ದರೆ, ಬಾಗಿಲಿನ ಸದ್ದೇ ಊಟದ ಗಂಟೆಯಾಗುತ್ತದೆ. ಹಾವು ತಪ್ಪಾಗಿ ಓದಿಲ್ಲ, ನಾವು ಹೇಳಿದ್ದೇ ಹಾಗೆ.

ಆದ್ದರಿಂದ ನನ್ನ ಮಟ್ಟಿಗೆ ಈ ಸಾಕಣೆಯಲ್ಲಿ ಕೊಕ್ಕೆಗಿಂತ ದೊಡ್ಡ ಉಪಕರಣವಿಲ್ಲ. ಹಾವನ್ನು ಎತ್ತುವ ದಿನ ಮೊದಲು ಒಳಗೆ ಹೋಗಬೇಕಾದದ್ದು ಕೈಯಲ್ಲ, ಕೊಕ್ಕೆ. ಅದರಿಂದ ಹಾವಿನ ನಡುಮೈಯನ್ನು ಮೆಲ್ಲನೆ, ಆದರೆ ಅನುಮಾನಕ್ಕೆ ಎಡೆಯಿಲ್ಲದಂತೆ ಸವರಬೇಕು. ಇಲಿ ಹೀಗೆ ಮುಟ್ಟುವುದಿಲ್ಲ. ಚುರುಕಾಗಿದ್ದ ನಾಲಿಗೆ ನಿಧಾನವಾಗುವವರೆಗೆ, ಚಾಚಿದ ತಲೆ ಸಡಿಲಗೊಳ್ಳುವವರೆಗೆ ಕಾಯಬೇಕು. ಅವಸರದವರು ಎಡವುವುದು ಇಲ್ಲೇ: ಸವರಿದ ಮರುಕ್ಷಣವೇ ಕೈ ಹಾಕುತ್ತಾರೆ. ಹಾವಿಗೆ ಸುದ್ದಿ ಮುಟ್ಟಿ ಅದು ಮನಸ್ಸು ಬದಲಿಸಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಬದಿಯಿಂದ ಬಂದು ನಡುಮೈಗೆ ಕೈ ಕೊಟ್ಟು ಎತ್ತಬೇಕು. ಊಟದ ದಿನ ಕೊಕ್ಕೆ ಮುಟ್ಟಿಸಲೇಬಾರದು. ಹೆಪ್ಪುಗಟ್ಟಿಸಿಟ್ಟ ಇಲಿಯನ್ನು ಕರಗಿಸಿ ಬೆಚ್ಚಗಾಗಿಸಿ ಉದ್ದನೆಯ ಇಕ್ಕಳದಲ್ಲಿ ಹಿಡಿದು ಕೊಡಬೇಕು. ಎರಡು ಸಂಕೇತಗಳು ಎಂದೂ ಬೆರೆಯದಿದ್ದರೆ ಎಷ್ಟೋ ಹಾವುಗಳು ಕೆಲವು ವಾರಗಳಲ್ಲಿ ವ್ಯತ್ಯಾಸ ಹಿಡಿಯುತ್ತವೆ.

ಊಟಕ್ಕೆಂದು ಬೇರೆ ಡಬ್ಬಕ್ಕೆ ಸಾಗಿಸುವ ಹಳೆಯ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಊಟದ ಗುಂಗಿನಲ್ಲಿರುವ ಹಾವನ್ನು ಹೊಟ್ಟೆ ತುಂಬಿದೊಡನೆ ಕೈಯಲ್ಲಿ ಎತ್ತಿ ವಾಪಸು ಬಿಡಬೇಕಾಗುತ್ತದೆ. ಕಡಿತಕ್ಕೂ ವಾಂತಿಗೂ ಇದಕ್ಕಿಂತ ಒಳ್ಳೆಯ ಅವಕಾಶ ಬೇರೆ ಬೇಡ. ಉಂಡ ಹಾವನ್ನು ಕನಿಷ್ಠ 48 ಗಂಟೆ ಅದರ ಪಾಡಿಗೆ ಬಿಡುವುದೇ ಸರಿ.

ಬಾಯಿ ತೆರೆದಾಗಲೆಲ್ಲ ಉಣಿಸುವ ಕರುಣೆಯೂ ಬೇಡ. ಸಾಕುಹಾವುಗಳಲ್ಲಿ ಬೊಜ್ಜು ನಿಜವಾದ ಕಾಯಿಲೆ. ವಯಸ್ಕ ಕಿಂಗ್‌ಸ್ನೇಕ್‌ಗೆ ಮೈಯ ಅತಿ ದಪ್ಪ ಭಾಗದಷ್ಟೇ ದಪ್ಪದ ಒಂದು ಇಲಿ 10–14 ದಿನಕ್ಕೊಮ್ಮೆ ಧಾರಾಳವಾಯಿತು.

ಕಚ್ಚಿಯೇ ಬಿಟ್ಟರೆ ಕೈ ಎಳೆಯಬೇಡಿ. ಹಲ್ಲುಗಳು ಒಳಮುಖವಾಗಿ ಬಾಗಿವೆ. ಎಳೆದಷ್ಟೂ ನಿಮ್ಮ ಚರ್ಮ ಹರಿಯುತ್ತದೆ, ಹಾವಿನ ಹಲ್ಲೂ ಮುರಿಯುತ್ತದೆ. ತಲೆಯ ಮೇಲೆ ತಣ್ಣೀರು ಹರಿಸಿ, ಬಾಲದ ಕಡೆಯಿಂದ ಸುರುಳಿ ಬಿಡಿಸುತ್ತ ಬನ್ನಿ. ಕಿಂಗ್‌ಸ್ನೇಕ್‌ಗೆ ವಿಷವಿಲ್ಲ, ಗಾಯವನ್ನು ಸೋಪಿನಿಂದ ತೊಳೆದರೆ ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯುತ್ತದೆ. ಎಂಟು-ಹತ್ತು ಅಡಿ ಮೀರಿದ ಪೈಥಾನ್ ಸಾಕುವವರ ಲೆಕ್ಕವೇ ಬೇರೆ. ಅಂಥ ಹಾವಿಗೆ ಉಣಿಸುವಾಗ ಹತ್ತಿರದಲ್ಲಿ ಇನ್ನೊಬ್ಬ ಗಟ್ಟಿ ಆಳು ಇರಲೇಬೇಕು. ಆ ಆಳು ಸಿಗದ ದಿನ ಹಾವು ಹಸಿದಿರಲಿ, ಅದು ತಾಳಬಲ್ಲದು.