ಮೂರಕ್ಷರಕ್ಕೆ ಇಳಿದ ರಾಯಣ್ಣ

ಬೆಂಗಳೂರಿನ ಮುಖ್ಯ ರೈಲು ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿಟ್ಟದ್ದು ನನ್ನ ಮಟ್ಟಿಗೆ ಸರಿಯಾದ ಕೆಲಸ. ಇಟ್ಟ ರೀತಿ ಮಾತ್ರ ಸರಿಯಿಲ್ಲ. ಟಿಕೆಟ್ಟಿನಲ್ಲಿ, ಬೋಗಿಯ ಫಲಕದಲ್ಲಿ, ಪತ್ರಿಕೆಯ ಸುದ್ದಿಯಲ್ಲಿ ಅದು ‘ಕೆಎಸ್‌ಆರ್ ಬೆಂಗಳೂರು’. ಆಟೊದವರಿಗೆ ಈಗಲೂ ಸಿಟಿ ಸ್ಟೇಷನ್ನು, ಇಲ್ಲವೇ ಮೆಜೆಸ್ಟಿಕ್ಕು. ಕೆಡವಿಹಾಕಿದ ಒಂದು ಚಿತ್ರಮಂದಿರದ ಹೆಸರು ಜನರ ಬಾಯಲ್ಲಿ ಗಟ್ಟಿಯಾಗಿ ಕೂತಿದೆ, ಗಲ್ಲಿಗೇರಿದವನದು ಕೂತಿಲ್ಲ.

ಆತ ಅರಸನಲ್ಲ, ದಿವಾನನೂ ಅಲ್ಲ. ಕಿತ್ತೂರು ಸಂಸ್ಥಾನದ ಶೇತ್ಸನದಿ. ಉಂಬಳಿ ಹೊಲ ಉಂಡು ಊರು ಕಾಯುತ್ತಿದ್ದವನು. 1824ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥ್ಯಾಕರೆ ಸತ್ತ ಕಾಳಗದ ಬಳಿಕ ಕಿತ್ತೂರು ಬಿತ್ತು, 1829ರಲ್ಲಿ ಅಲ್ಲಿನ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ಅಲ್ಲಿಗೆ ಮುಗಿಯಬೇಕಿದ್ದ ಕತೆಯನ್ನು ರಾಯಣ್ಣ ಮುಗಿಯಗೊಡಲಿಲ್ಲ. ಚೆನ್ನಮ್ಮನ ದತ್ತುಮಗ ಶಿವಲಿಂಗಪ್ಪನನ್ನು ಗದ್ದುಗೆಗೆ ಏರಿಸಲು ಕಾಡುಮೇಡು ಹಿಡಿದು ಹೋರಾಡಿದ, ಕಂಪನಿಯ ಕಚೇರಿಗಳಿಗೆ ಬೆಂಕಿಯಿಟ್ಟ. ನಮ್ಮವರೇ ಮೋಸದಿಂದ ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ನೇಣು. ಸರ್ಕಾರಿ ಕಚೇರಿ ಸುಟ್ಟವನ ಹೆಸರನ್ನು ಸರ್ಕಾರಿ ಕಟ್ಟಡವೊಂದು ಹೊತ್ತಿದೆ ಎಂದರೆ ಅವನೂ ನಗುತ್ತಿದ್ದನೇನೋ.

ಹೆಸರು ಉಳಿಯದ್ದಕ್ಕೆ ಜನರ ಮರೆವನ್ನು ದೂರುವವರಿದ್ದಾರೆ. ಅದು ಸುಳ್ಳು. ಅದೇ ನಿಲ್ದಾಣದಿಂದ ರಾತ್ರಿ ಹೊರಡುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ನೋಡಿ. ‘ಚೆನ್ನಮ್ಮಕ್ಕೆ ಬುಕ್ ಮಾಡೀನಿ’ ಅಂದರೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹೆಸರು ನಾಲಿಗೆಗೆ ಹಗುರ, ಓಡುವುದೂ ಅವಳ ಸೀಮೆಗೇ. ರಾಯಣ್ಣ ನೇಣಿಗೇರಿದ ನಂದಗಡವಿರುವ ಖಾನಾಪುರ ತಾಲ್ಲೂಕನ್ನೂ ಆ ಗಾಡಿ ಹಾದುಹೋಗುತ್ತದೆ.

ರಾಯಣ್ಣನ ಹೆಸರನ್ನು ಕೆಡಿಸಿದ್ದು ಬಿರುದು. ಗೌರವ ಕಡಿಮೆಯಾದೀತೆಂಬ ಅಂಜಿಕೆಯಿಂದ ‘ಕ್ರಾಂತಿವೀರ’ ಸೇರಿಸಿದೆವು, ಅಷ್ಟುದ್ದದ ಹೆಸರು ರೈಲ್ವೆಯ ಫಲಕಕ್ಕೆ ಹಿಡಿಸಲಿಲ್ಲ. ಕತ್ತರಿಸುವಾಗ ಮೊದಲು ಹೋದದ್ದು ಮನುಷ್ಯ. ಎದುರಿನ ಮೆಟ್ರೊ ನಿಲ್ದಾಣಕ್ಕಿಟ್ಟ ಕೆಂಪೇಗೌಡನ ಹೆಸರಿಗೂ ‘ನಾಡಪ್ರಭು’ ಅಂಟಿಸಿ ಇದೇ ಪಾಡು ತಂದುಕೊಂಡಿದ್ದೇವೆ. ನಿಲ್ದಾಣದ ಹತ್ತಿರ ಕುದುರೆಯೇರಿದ ರಾಯಣ್ಣನ ಪ್ರತಿಮೆಯಿದೆ ನಿಜ; ಆದರೆ ಪ್ರತಿಮೆಗೆ ವರ್ಷಕ್ಕೊಮ್ಮೆ ಹಾರ ಬೀಳುತ್ತದೆ, ನಿಲ್ದಾಣದ ಹೆಸರಿಗೆ ದಿನವೂ ಲಕ್ಷ ಬಾಯಿ ಸಿಗಬಹುದಿತ್ತು. ಸಂಗೊಳ್ಳಿಯಲ್ಲೇ ಅವನ ಹೆಸರಿನ ಸೈನಿಕ ಶಾಲೆ ಎದ್ದಿರುವುದು ಇದಕ್ಕಿಂತ ಮೇಲು: ಅಲ್ಲಿ ಓದುವ ಮಕ್ಕಳು ‘ಯಾವ ಶಾಲೆ?’ ಎಂದಾಗಲೆಲ್ಲ ಅವನ ಹೆಸರು ಹೇಳಲೇಬೇಕು.

ಬೆಂಗಳೂರಿನಲ್ಲಿ ಇದನ್ನು ತಿದ್ದಲು ಹೊಸ ಆಂದೋಲನವೇನೂ ಬೇಡ. ಕೆಎಸ್‌ಆರ್ ಅಳಿಸಿ ‘ರಾಯಣ್ಣ ಬೆಂಗಳೂರು’ ಎಂದು ಬರೆದರಾಯಿತು.