'ಕೆರೆಗೆ ಹಾರ'ದಲ್ಲಿ ಋಣವಿಚಾರ

ನಮ್ಮ ಜನಪದ ಕಥನಗೀತಗಳಲ್ಲಿ 'ಕೆರೆಗೆ ಹಾರ'ವು ಅಗ್ರಗಣ್ಯವಾದುದೆಂಬುದರಲ್ಲಿ ರಸಿಕರಿಗೆ ಭಿನ್ನಾಭಿಪ್ರಾಯವಿಲ್ಲ. ಮಲ್ಲನಗೌಡನು ಕೆರೆಯನ್ನು ಕಟ್ಟಿಸಿದನು, ಹನಿ ನೀರು ಬರಲಿಲ್ಲ, ಹೊತ್ತಿಗೆ ತೆಗೆಯಿಸಿ ಕೇಳಲಾಗಿ ಸೊಸೆಯೊಬ್ಬಳನ್ನು ಹಾರವಾಗಿ ಕೊಡಬೇಕೆಂದು ತಿಳಿಯಿತು, ಕಿರಿಯ ಸೊಸೆ ಭಾಗೀರಥಿಯು ಬಲಿಯಾದಳು, ಕೆರೆ ತುಂಬಿತು. ಇದು ಲೋಕಹಿತಕ್ಕಾಗಿ ನಡೆದ ಆತ್ಮತ್ಯಾಗದ ಕಾವ್ಯವೆಂದು ಪಾಠಶಾಲೆಗಳಲ್ಲಿ ಬೋಧಿಸುವುದು ವಾಡಿಕೆಯಾಗಿದೆ. ಈ ಮತವನ್ನೇ ಪೂರ್ವಪಕ್ಷವಾಗಿಟ್ಟುಕೊಂಡು, ಗೀತದ ಪ್ರಚಲಿತ ಪಾಠವು ಅದನ್ನು ಎಷ್ಟರಮಟ್ಟಿಗೆ ಸಮರ್ಥಿಸುತ್ತದೆಂಬುದನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶವು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳಲ್ಲಿ, ಕೃಷ್ಣೆಯ ನೀರನ್ನು ಉಣ್ಣುತ್ತಲೂ ಅದರ ಹೊಡೆತವನ್ನು ತಿನ್ನುತ್ತಲೂ ಇರುವ ನಮಗೆ, ಕಟ್ಟೆಯ ಬೆಲೆಯನ್ನು ಯಾರು ತೆರುವರೆಂಬುದು ಕೇವಲ ಸಾಹಿತ್ಯದ ಪ್ರಶ್ನೆಯಲ್ಲ.

ದಾನವೆಂದರೆ ತನ್ನ ಸ್ವತ್ವವನ್ನು ಬಿಟ್ಟು ಪರರ ಸ್ವತ್ವವನ್ನುಂಟುಮಾಡುವುದೆಂದು ಶಾಸ್ತ್ರಕಾರರ ಲಕ್ಷಣವು. ತನ್ನದಲ್ಲದುದನ್ನು ಕೊಟ್ಟರೆ ಅದು ದಾನವಾಗಲಾರದು. ವಿಶ್ವಜಿತ್ ಯಾಗದಲ್ಲಿ ಸರ್ವಸ್ವವನ್ನೂ ಕೊಡಬೇಕೆಂಬ ವಿಧಿಯನ್ನು ವಿಚಾರಿಸುವಾಗ ಜೈಮಿನಿಯು ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ ಎರಡು ನಿರ್ಣಯಗಳನ್ನು ಕೊಟ್ಟಿರುವನು: ತಾಯಿತಂದೆ ಮೊದಲಾದ ಬಂಧುಗಳನ್ನು ಕೊಡಲಾಗದು, ಏಕೆಂದರೆ ಅವರಲ್ಲಿ ಯಜಮಾನನಿಗೆ ಸ್ವತ್ವವಿಲ್ಲ; ಭೂಮಿಯನ್ನೂ ಕೊಡಲಾಗದು, ಏಕೆಂದರೆ ಅದು ಎಲ್ಲರಿಗೂ ಸಮಾನವಾದುದು. ಈ ನ್ಯಾಯದಿಂದ ನೋಡಿದರೆ ಮಲ್ಲನಗೌಡನು ಕೊಟ್ಟ ಹಾರವು ಮೊದಲಿಗೇ ಅಸಿದ್ಧವು.

ಭಾಗೀರಥಿಯೇ ತನ್ನನ್ನು ಕೊಟ್ಟುಕೊಂಡಳಲ್ಲವೆ ಎಂದರೆ, ಗೀತವು ಅದಕ್ಕೂ ಅವಕಾಶವೀಯುವುದಿಲ್ಲ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆತನವೇ ಕೆಡುವುದೆಂದು ಕಿರಿಯಳನ್ನು ಗೊತ್ತುಮಾಡುತ್ತಾರೆ. ಎಂದರೆ, ಯಾರ ನಷ್ಟವು ಮನೆಗೆ ಹಗುರವೋ ಅವಳನ್ನೇ ಆರಿಸಿದರು. ಆ ಆಲೋಚನೆಯಲ್ಲಿ ಅವಳಿಗೆ ಭಾಗವಿಲ್ಲ; ಅವಳ ಒಪ್ಪಿಗೆಯನ್ನು ಕೇಳಿದ ಮಾತೂ ಇಲ್ಲ. ತವರಿಗೆ ಹೋದವಳು ನಿಜವನ್ನು ಹೇಳಲಾರದೆ, ಅತ್ತೆಮಾವಂದಿರು ತನ್ನನ್ನು ಬೇರೆ ಇಡುವರೆನ್ನುತ್ತಾಳೆ. ತಂದೆಯು ಹೊಲಮನೆಗಳನ್ನು ಕೊಡುವೆನೆನ್ನುತ್ತಾನೆ. ಇಲ್ಲಿ ಕವಿಯ ಸೂಕ್ಷ್ಮದೃಷ್ಟಿಯು ಪ್ರಶಂಸನೀಯವು. ಹೊಲಕ್ಕೆ ಹೊಲ, ಮನೆಗೆ ಮನೆ ಎಂಬ ಪರಿಹಾರವು ಉದಾರವಾದುದೇ. ಆದರೆ ಕೇಳಿದ ದುಃಖವೊಂದು, ಕೊಟ್ಟ ಮದ್ದೊಂದು. ನಿಜವು ಬಾಯಿಗೆ ಬರುವುದು ಗೆಳತಿಯ ಮುಂದೆ ಮಾತ್ರ. ಅವಳಾದರೂ ಇಟ್ಟಂತೆ ಇರಬೇಕೆಂದು ಬುದ್ಧಿಹೇಳುವಳೇ ಹೊರತು ಬಿಡಿಸುವವಳಲ್ಲ.

ತ್ಯಾಗಪಕ್ಷದವರು ಕೆರೆ ತುಂಬಿದಲ್ಲಿಗೆ ಗೀತವು ಮುಗಿಯಿತೆಂಬಂತೆ ವ್ಯಾಖ್ಯಾನಿಸುವರು. ಗೀತವಾದರೋ ಅಲ್ಲಿ ಮುಗಿಯುವುದಿಲ್ಲ. ದಂಡಿನಲ್ಲಿದ್ದ ಗಂಡ ಮಹಾದೇವರಾಯನು ಮನೆಗೆ ಬಂದು ಹೆಂಡತಿಯನ್ನು ಕೇಳುತ್ತಾನೆ. ತವರಿಗೆ ಹೋದಳೆಂದು ತನ್ನ ಮನೆಯವರು ಹೇಳುತ್ತಾರೆ. ಗೆಳತಿಯ ಮನೆಗೆ ಹೋದಳೆಂದು ತವರಿನವರು ಹೇಳುತ್ತಾರೆ. ಒಂದು ಬಾಗಿಲಿನವರು ಮತ್ತೊಂದು ಬಾಗಿಲನ್ನು ತೋರಿಸುತ್ತ ಹೋಗುವ ಈ ಕ್ರಮವನ್ನು, ಪರಿಹಾರದ ಕಾಗದಗಳನ್ನು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವರು ಬೇಗನೆ ಗುರುತಿಸುವರು. ಕೊನೆಗೆ ಗೆಳತಿಯಿಂದ ನಿಜವನ್ನರಿತು ಅವನೂ ಕೆರೆಗೆ ಹಾರುತ್ತಾನೆ. ಹೊತ್ತಿಗೆಯು ಕೇಳಿದುದು ಒಂದು ಪ್ರಾಣ. ಕೆರೆಯು ಕೊಂಡುದು ಎರಡು. ಮೊದಲು ಲೆಕ್ಕಕ್ಕೆ ಬಾರದ ವ್ಯಯವು ಕಡೆಗೆ ಬಂದೇ ಬರುವುದೆಂಬುದು ಗೀತದ ಧ್ವನಿಯು. ಅದು ಕೆರೆಯನ್ನು ನಿಂದಿಸುವುದಿಲ್ಲ, ಲೆಕ್ಕವನ್ನು ಪೂರ್ಣಗೊಳಿಸುತ್ತದೆ.

ಇನ್ನು ವಿದ್ವತ್ಪರಂಪರೆಯ ಕಡೆಗೆ ತಿರುಗೋಣ. ಕಡಪಾ ಜಿಲ್ಲೆಯ ಪೊರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರನು ೧೩೬೯ರಲ್ಲಿ ಹಾಕಿಸಿದ ಸಂಸ್ಕೃತ ಶಾಸನವು ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಹೇಳುತ್ತದೆ. ಧರ್ಮಿಷ್ಠನೂ ಧನಿಕನೂ ಆದ ಒಡೆಯ, ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸ, ಗಟ್ಟಿಯಾದ ನೆಲ, ಕಲ್ಲಿನ ಗಣಿ, ನುರಿತ ಕೆಲಸಗಾರರು ಇವೆಲ್ಲ ಅಂಗಗಳಲ್ಲಿ ಸೇರಿವೆ. ಎರಡು ರಾಜ್ಯಗಳ ಎಲ್ಲೆಯಲ್ಲಿರುವುದು ದೋಷಗಳಲ್ಲೊಂದು. ಗಡಿಯ ಮೇಲಿರುವ ನಮಗೆ ಇದರ ಸತ್ಯವು ಅನುಭವಸಿದ್ಧವು. ೨೦೦೫ರಲ್ಲಿಯೂ ೨೦೧೯ರಲ್ಲಿಯೂ ಕೃಷ್ಣಾ, ದೂಧಗಂಗಾ, ವೇದಗಂಗೆಗಳು ಉಕ್ಕಿ ಊರುಗಳನ್ನು ಹೊಕ್ಕಾಗ, ಮೇಲಿನವರು ನೀರು ಬಿಟ್ಟರೆಂದು ಕೆಳಗಿನವರೂ, ಆಲಮಟ್ಟಿಯಲ್ಲಿ ನೀರು ತಡೆದರೆಂದು ಮೇಲಿನವರೂ ದೂರಿಕೊಂಡರು. ಆದರೆ ಹನ್ನೆರಡು ಅಂಗಗಳಲ್ಲಿಯಾಗಲಿ ಆರು ದೋಷಗಳಲ್ಲಿಯಾಗಲಿ, ಕೆರೆಯಂಗಳದಲ್ಲಿ ಮೊದಲೇ ಮನೆಮಾಡಿದ್ದವನ ಮಾತೇ ಇಲ್ಲ. ಶಾಸನಕಾರನು ಬಿಟ್ಟುದನ್ನು ಹಳ್ಳಿಯ ಹೆಣ್ಣುಮಕ್ಕಳ ಹಾಡು ತುಂಬಿಕೊಟ್ಟಿದೆ.

ಋಣದ ವಿಷಯದಲ್ಲಿ ಮಾತ್ರ ಹಳೆಯ ಶಾಸನಗಳಿಂದ ಕಲಿಯತಕ್ಕುದುಂಟು. ಕೆರೆಯನ್ನು ಕಟ್ಟಿದವನಿಗೆ ಅಥವಾ ಜೀರ್ಣೋದ್ಧಾರ ಮಾಡಿದವನಿಗೆ ದಶವಂದ, ಕಟ್ಟುಗೊಡಗೆ ಮೊದಲಾದ ಹೆಸರುಗಳಿಂದ ಭೂಮಿಯನ್ನಾಗಲಿ ಫಲದ ಭಾಗವನ್ನಾಗಲಿ ಕೊಡುತ್ತಿದ್ದರು. ಫಲದ ಭಾಗವು ಸಿಗಬೇಕಾದರೆ ನೀರು ನಿಲ್ಲಬೇಕು, ಬೆಳೆ ಬರಬೇಕು. ಹಣ ಹಾಕಿದವನೂ ಕಟ್ಟೆಯ ಸುಖದುಃಖಗಳಿಗೆ ಭಾಗಿಯಾಗಿದ್ದನು.

ಈಗಿನ ಕ್ರಮವು ಬೇರೆ. ೧೯೬೪ರಲ್ಲಿ ಅಡಿಗಲ್ಲು ಬಿದ್ದ ಕೃಷ್ಣಾ ಮೇಲ್ದಂಡೆ ಯೋಜನೆಗೆ ವಿಶ್ವಬ್ಯಾಂಕು ೧೯೭೮ರಲ್ಲಿಯೂ ೧೯೮೯ರಲ್ಲಿಯೂ ಸಾಲ ಕೊಟ್ಟಿತು. ಪುನರ್ವಸತಿಯು ಹಿಂದೆಬಿದ್ದುದರಿಂದ ೧೯೯೨ರಲ್ಲಿ ಒಮ್ಮೆ, ೧೯೯೫ರಲ್ಲಿ ಮತ್ತೊಮ್ಮೆ ಪಾವತಿಯನ್ನು ತಡೆಹಿಡಿಯಿತು. ಸಾಲಿಗನು ಮನಸ್ಸುಮಾಡಿದರೆ ಮುಳುಗುವವನ ಪರವಾಗಿ ಕೈ ತಡೆಯಬಲ್ಲನೆಂಬುದಕ್ಕೆ ಇದು ದೃಷ್ಟಾಂತವು. ೧೯೯೪ರಲ್ಲಿ ಸ್ಥಾಪಿತವಾದ ಕೃಷ್ಣಾ ಭಾಗ್ಯ ಜಲ ನಿಗಮವು ಸಾಲಪತ್ರಗಳ ಮೂಲಕ ಪೇಟೆಯಿಂದ ಹಣವೆತ್ತಿತು. ಸಾಲಪತ್ರವನ್ನು ಕೊಂಡವನಿಗೆ ಬಡ್ಡಿಯ ದಿನವು ಗೊತ್ತು. ಮುಳುಗಿದ ಬಾಗಲಕೋಟೆಯನ್ನು ಬಿಟ್ಟು ನವನಗರಕ್ಕೆ ಬಂದವನ ಅಂಗಡಿಯು ಮೊದಲಿನಂತೆ ನಡೆಯುವ ದಿನವನ್ನು ಯಾವ ಪತ್ರದಲ್ಲಿಯೂ ಬರೆದಿಲ್ಲ. ಇಬ್ಬರೂ ಆ ಕಟ್ಟೆಗೆ ಬಂಡವಾಳ ಹಾಕಿದವರೇ. ಒಬ್ಬನದು ಸಾಲವೆಂದೂ ಮತ್ತೊಬ್ಬನದು ತ್ಯಾಗವೆಂದೂ ಹೆಸರಿಟ್ಟ ಮಾತ್ರಕ್ಕೆ ಎರಡನೆಯ ಋಣವು ತೀರುವುದಿಲ್ಲ.

೨೦೦೦ದಲ್ಲಿ ಅಣೆಕಟ್ಟುಗಳ ಜಾಗತಿಕ ಆಯೋಗವು, ಮನಸ್ಸಿಲ್ಲದೆಯೇ ಅಪಾಯವನ್ನು ಹೊರುವವರಿಗೆ ನಿರ್ಣಯದಲ್ಲಿ ಸ್ಥಾನವಿರಬೇಕೆಂದು ವರದಿಮಾಡಿತು. ೧೮೯೪ರ ಭೂಸ್ವಾಧೀನ ಕಾಯಿದೆಯ ಸ್ಥಾನದಲ್ಲಿ ಬಂದ ೨೦೧೩ರ ಕಾಯಿದೆಯು, ನೀರಾವರಿ ಯೋಜನೆಗಳಲ್ಲಿ ಮುಳುಗಡೆಗೆ ಆರು ತಿಂಗಳು ಮುಂಚೆಯೇ ಪುನರ್ವಸತಿಯು ಮುಗಿಯಬೇಕೆಂದು ವಿಧಿಸುತ್ತದೆ. ಇದು ಸ್ತುತ್ಯವು. ಆದರೆ ಖಾಸಗಿಯವರಿಗಾಗಿ ಭೂಮಿ ಕೊಳ್ಳುವಾಗ ಬೇಕೆನ್ನುವ ಒಪ್ಪಿಗೆಯನ್ನು, ಸರಕಾರವು ತಾನೇ ಕಟ್ಟುವ ಅಣೆಕಟ್ಟಿಗೆ ಅದು ಬೇಡುವುದಿಲ್ಲ. ಹೊಲಮನೆಯ ಮಾತು ಬಂದಿದೆ. ಭಾಗೀರಥಿಯನ್ನು ಕೇಳುವ ಮಾತು ಇನ್ನೂ ಬಂದಿಲ್ಲ.

ನೀರು ಬೇಡವೆ ಎಂದು ಕೇಳುವವರಿದ್ದಾರೆ. ಬೇಕು. ಹಿಪ್ಪರಗಿಯ ಬ್ಯಾರೇಜಿನಿಂದ ಅಥಣಿಯ ಒಣನೆಲವು ಹಸುರಾದುದನ್ನೂ, ಘಟಪ್ರಭೆಯ ಕಾಲುವೆಯಿಂದ ರಾಯಬಾಗದ ಸೀಮೆಯು ಬದುಕಿಕೊಂಡುದನ್ನೂ ಕಂಡವರಾರೂ ಬೇಡವೆನ್ನಲಾರರು. ಫಲವನ್ನುಂಡವರಿಗೇ ಈ ಋಣವು ಅಧಿಕವು. ಆದುದರಿಂದ 'ಕೆರೆಗೆ ಹಾರ'ವನ್ನು ಬೋಧಿಸುವ ಉಪಾಧ್ಯಾಯರಲ್ಲಿ ಪ್ರಾರ್ಥಿಸುವುದಿಷ್ಟೆ: ಕೆರೆ ತುಂಬಿದಲ್ಲಿಗೆ ಪುಸ್ತಕವನ್ನು ಮುಚ್ಚಬೇಡಿರಿ, ಮಹಾದೇವರಾಯನು ಮನೆಗೆ ಬರುವವರೆಗೂ ಓದಿಸಿರಿ. ಅವನು ಕೇಳಿದ ಪ್ರಶ್ನೆಗೆ ಮಲ್ಲನಗೌಡನ ಮನೆಯವರು ಕೊಡದ ಉತ್ತರವನ್ನು ವಿದ್ಯಾರ್ಥಿಗಳಾದರೂ ಹುಡುಕಲಿ.