ನೂತನ ಅದ್ಭುತಕಾದಂಬರಿಗಳೂ ಔಚಿತ್ಯವಿಚಾರವೂ

ಅದ್ಭುತಪ್ರಧಾನವಾದ ಕಾದಂಬರಿಯನ್ನು ಕಂಡೊಡನೆ ಇದು ಮಕ್ಕಳ ಪುಸ್ತಕವೆಂದು ಬದಿಗಿಡುವ ರೂಢಿಯು ವಿದ್ಯಾವಂತರ ಮನೆಗಳಲ್ಲಿ ಬಹುಕಾಲದಿಂದ ಬೇರೂರಿದೆ. ನಡೆದುದನ್ನೋ ನಡೆಯಬಹುದಾದುದನ್ನೋ ಹೇಳುವುದು ಕಾದಂಬರಿಯ ಧರ್ಮವೆಂದೂ, ನಡೆಯಲಾರದುದನ್ನು ಹೇಳುವುದು ಅಜ್ಜಿಯ ಕಥೆಯ ಧರ್ಮವೆಂದೂ ಈ ಪಕ್ಷದವರ ಅಭಿಪ್ರಾಯ. ಇವರು ಒಂದು ಸಂಗತಿಯನ್ನು ಮರೆತಂತೆ ತೋರುತ್ತದೆ. ಕನ್ನಡದಲ್ಲಿ ಈ ಸಾಹಿತ್ಯಪ್ರಕಾರಕ್ಕೆ ನಿಂತಿರುವ ಹೆಸರೇ ಬಾಣಭಟ್ಟನ ಗ್ರಂಥದ್ದು. ಆ ಗ್ರಂಥದಲ್ಲಿ ಕಥೆಯನ್ನು ಅರಸನ ಸಭೆಗೆ ತರುವುದು ಒಂದು ಗಿಳಿ. ಕೇಳುತ್ತ ಕುಳಿತ ಅರಸನಾದರೋ ತಾನೇ ಹಿಂದಿನ ಜನ್ಮದಲ್ಲಿ ಆ ಕಥೆಯ ನಾಯಕನಾಗಿದ್ದವನು. ನಾಗವರ್ಮನು ಅದನ್ನು ಕನ್ನಡಕ್ಕೆ ತಂದಾಗ, ಗಿಳಿ ಮಾತಾಡುವುದು ಅಸಂಭವವೆಂದು ಅದನ್ನು ಹಾರಿಬಿಡಲಿಲ್ಲ.

ಇದಕ್ಕೆ ಎದುರಾದ ಇನ್ನೊಂದು ಪಕ್ಷವೂ ಪ್ರಬಲವಾಗಿದೆ. ಟೋಲ್ಕೀನನ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಎಂಬ ಗ್ರಂಥವು ೧೯೫೪ ಮತ್ತು ೧೯೫೫ರಲ್ಲಿ ಮೂರು ಸಂಪುಟಗಳಾಗಿ ಹೊರಬಿದ್ದ ಮೇಲೆ ಆ ದಾರಿಯನ್ನು ಹಿಡಿದವರು ಲೆಕ್ಕವಿಲ್ಲದಷ್ಟು. ಆದಿಯಲ್ಲಿ ಒಂದು ಭೂಪಟ, ಅಂತ್ಯದಲ್ಲಿ ಒಂದು ಶಬ್ದಾರ್ಥಕೋಶ, ನಡುವೆ ಏಳೆಂಟು ರಾಜ್ಯಗಳ ವಂಶಾವಳಿ; ಇಷ್ಟಿದ್ದರೆ ಗ್ರಂಥವು ಮಹತ್ತಾದುದೆಂದು ಮೆಚ್ಚುವ ತರುಣ ವಾಚಕರು ಎಲ್ಲೆಡೆಯೂ ಇದ್ದಾರೆ. ಟೋಲ್ಕೀನನು ಭಾಷಾಶಾಸ್ತ್ರದ ಪ್ರಾಧ್ಯಾಪಕನು. ಮೊದಲು ಭಾಷೆಗಳನ್ನು ಕಲ್ಪಿಸಿ, ಬಳಿಕ ಅವುಗಳನ್ನಾಡುವ ಜನರನ್ನು ಕಲ್ಪಿಸಿದವನು. ಅವನ ಅನುಯಾಯಿಗಳಲ್ಲಿ ಅನೇಕರು ಭೂಪಟವನ್ನು ಬರೆಯುವುದನ್ನು ಮಾತ್ರ ಕಲಿತರು. ಹೀಗೆ ಹಳಿಯುವವರೂ ಹೊಗಳುವವರೂ ಅಳೆಯುತ್ತಿರುವುದು ಒಂದನ್ನೇ: ಅದ್ಭುತವು ಎಷ್ಟಿದೆಯೆಂಬುದನ್ನು. ಅದು ಕಥೆಯಲ್ಲಿ ಯಾವ ಕೆಲಸವನ್ನು ಮಾಡುತ್ತಿದೆಯೆಂದು ಕೇಳುವವರು ವಿರಳ.

ಸಂಸ್ಕೃತ ಆಲಂಕಾರಿಕರಿಗೆ ಈ ಪ್ರಶ್ನೆಯು ಹೊಸದಲ್ಲ. ವಿಸ್ಮಯವನ್ನು ಸ್ಥಾಯಿಯಾಗಿ ಉಳ್ಳ ಅದ್ಭುತವನ್ನು ಭರತನು ಎಂಟು ರಸಗಳಲ್ಲಿ ಒಂದಾಗಿ ಎಣಿಸಿದನು. ಎಲ್ಲ ರಸಗಳ ಒಳಗೂ ಅದ್ಭುತವೇ ಸಾರವಾಗಿದೆಯೆಂದು ವಾದಿಸಿದ ನಾರಾಯಣನ ಮತವನ್ನು ಸಾಹಿತ್ಯದರ್ಪಣವು ಉಲ್ಲೇಖಿಸುತ್ತದೆ. ಅದು ಅತಿವ್ಯಾಪ್ತಿಯೆಂದು ತೋರಿದರೂ ತಳ್ಳಿಹಾಕತಕ್ಕ ಮಾತಲ್ಲ. ಆದರೆ ಪ್ರಕೃತಕ್ಕೆ ಹೆಚ್ಚು ಉಪಯುಕ್ತವಾದುದು ಆನಂದವರ್ಧನನ ವಿಚಾರ. ರಸವು ಕೆಡುವುದಕ್ಕೆ ಅನೌಚಿತ್ಯವೇ ಮೂಲವೆಂದು ಸಾಧಿಸಿದ ಆ ಆಚಾರ್ಯನು, ಕೇವಲ ಮನುಷ್ಯನಾದ ಅರಸನು ಏಳು ಸಮುದ್ರಗಳನ್ನು ಲಂಘಿಸಿದನೆಂಬಂತಹ ವರ್ಣನೆಯು ಎಷ್ಟೇ ಸೊಗಸಾಗಿದ್ದರೂ ನೀರಸವಾಗುವುದೆಂದು ಎಚ್ಚರಿಸಿದ್ದಾನೆ. ದೋಷವು ಸಮುದ್ರಲಂಘನದಲ್ಲಿ ಇಲ್ಲ. ಹನುಮಂತನು ದಾಟಿದರೆ ಯಾರೂ ಹುಬ್ಬೇರಿಸುವುದಿಲ್ಲ. ದಾಟುವವನ ಪ್ರಕೃತಿಗೂ ಆ ದಾಟುವಿಕೆಗೂ ನಂಟಿಲ್ಲದಿರುವುದೇ ದೋಷವು.

ಈ ಸೂತ್ರವನ್ನು ಹಿಡಿದು ಇಂದಿನ ಕಾದಂಬರಿಗೆ ಒಂದು ಪರೀಕ್ಷೆಯನ್ನು ಒಡ್ಡಬಹುದು. ಕಥೆಯೊಳಗಿನ ಅದ್ಭುತವನ್ನು ತೆಗೆದುಬಿಟ್ಟರೆ ಮನುಷ್ಯರ ದುಃಖವೂ ಅದರ ಜೊತೆಗೆ ಹೋಗಿಬಿಡುವುದೋ, ಇಲ್ಲವೆ ಇದ್ದಂತೆಯೇ ಉಳಿಯುವುದೋ? ಬಾಣನ ಮಹಾಶ್ವೇತೆಯನ್ನು ನೋಡಿರಿ. ಪ್ರಿಯನು ಸತ್ತಿದ್ದಾನೆ, ಚಂದ್ರಮಂಡಲದಿಂದಿಳಿದ ದಿವ್ಯಪುರುಷನೊಬ್ಬನು ಆ ದೇಹವನ್ನೆತ್ತಿಕೊಂಡು, ಪುನಸ್ಸಮಾಗಮವುಂಟೆಂದು ಹೇಳಿ ಮಾಯವಾಗುತ್ತಾನೆ. ಆ ಮಾತು ಇಲ್ಲದಿದ್ದರೆ ಅವಳು ಅಂದೇ ಚಿತೆಯನ್ನೇರುತ್ತಿದ್ದಳು. ಅಚ್ಛೋದಸರಸ್ಸಿನ ತೀರದಲ್ಲಿ ವೀಣೆಯನ್ನು ಹಿಡಿದು ಕುಳಿತ ಆ ದೀರ್ಘವಾದ ನಿರೀಕ್ಷೆಯೆಲ್ಲವೂ ಒಂದು ಅಸಂಭವದ ಮೇಲೆ ನಿಂತಿದೆ. ಅಸಂಭವವನ್ನು ಕಿತ್ತರೆ ನಿರೀಕ್ಷೆಯು ಉಳಿಯದು. ಇಲ್ಲಿ ಅದ್ಭುತವು ಕಥೆಗೆ ತೊಡಿಸಿದ ಒಡವೆಯಲ್ಲ, ಕಥೆಯ ಎಲುಬು.

ಚೀನಾದೇಶದ ಲ್ಯೂ ಸಿಶಿನ್ ಬರೆದ, ೨೦೧೪ರಲ್ಲಿ ಕೆನ್ ಲ್ಯೂ ಆಂಗ್ಲಭಾಷೆಗೆ ತಂದ 'ದಿ ಥ್ರೀ-ಬಾಡಿ ಪ್ರಾಬ್ಲಮ್' ಎಂಬ ಗ್ರಂಥವು ಈ ಪರೀಕ್ಷೆಯಲ್ಲಿ ಅರ್ಧ ಗೆಲ್ಲುತ್ತದೆ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ, ೧೯೬೭ರಲ್ಲಿ, ತನ್ನ ತಂದೆಯನ್ನು ಜನಸಮೂಹದ ಮುಂದೆ ಹೊಡೆದು ಕೊಂದುದನ್ನು ಒಬ್ಬ ಹುಡುಗಿ ಕಣ್ಣಾರೆ ಕಾಣುತ್ತಾಳೆ. ಮುಂದೆ ಖಗೋಳವಿಜ್ಞಾನಿಯಾದ ಅವಳಿಗೆ ಬೇರೊಂದು ಲೋಕದಿಂದ, ಉತ್ತರಿಸಬೇಡವೆಂಬ ಎಚ್ಚರಿಕೆಯು ಬಂದರೂ, ಮನುಷ್ಯಜಾತಿಯಲ್ಲಿ ನಂಬಿಕೆಯನ್ನು ಕಳೆದುಕೊಂಡ ಕಾರಣ ಅವಳು ಉತ್ತರಿಸಿಯೇಬಿಡುತ್ತಾಳೆ. ಇಷ್ಟು ಭಾಗವು ಉತ್ತಮಕಾವ್ಯದ ಗಾಂಭೀರ್ಯವನ್ನು ಮುಟ್ಟುತ್ತದೆ. ಆಮೇಲೆ ಮೂರು ಸೂರ್ಯರ ಗಣಿತವು ಮುಂದಕ್ಕೆ ಬಂದು ಮನುಷ್ಯರು ಹಿಂದಕ್ಕೆ ಸರಿಯುತ್ತಾರೆ. ಕಥೆಯನ್ನು ಹೊತ್ತು ನಡೆಯುವ ವಿಜ್ಞಾನಿಗೆ ಹೆಂಡತಿಯೂ ಮಗನೂ ಇದ್ದಾರೆ. ಗ್ರಂಥಕ್ಕೆ ಅವರ ನೆನಪು ಹೆಚ್ಚುಹೊತ್ತು ನಿಲ್ಲುವುದಿಲ್ಲ. ಕಲ್ಪನೆಯ ವೈಭವವನ್ನು ಒಪ್ಪತಕ್ಕದ್ದೇ. ರಸವನ್ನು ಮಾತ್ರ ಮೊದಲ ಅಧ್ಯಾಯಗಳಲ್ಲಿಯೇ ಕುಡಿದು ತೃಪ್ತರಾಗಬೇಕು.

ಅಮೆರಿಕದ ಲೇಖಕಿ ಎನ್. ಕೆ. ಜೆಮಿಸಿನ್ ಅವರ 'ದಿ ಫಿಫ್ತ್ ಸೀಸನ್' ೨೦೧೫ರಲ್ಲಿ ಪ್ರಕಟವಾಯಿತು. ಇದರ ಮೂರು ಸಂಪುಟಗಳಿಗೂ ೨೦೧೬, ೨೦೧೭, ೨೦೧೮ ಹೀಗೆ ಸತತವಾಗಿ ಮೂರು ವರ್ಷ ಹ್ಯೂಗೋ ಪಾರಿತೋಷಕವು ದೊರೆತುದು ಅದಕ್ಕೆ ಮುಂಚೆ ಯಾರಿಗೂ ಸಲ್ಲದ ಗೌರವ. ಸದಾ ನಡುಗುವ ಭೂಮಿ; ಆ ನಡುಕವನ್ನು ಸಂಕಲ್ಪಮಾತ್ರದಿಂದ ಅಡಗಿಸಬಲ್ಲ ಕೆಲವು ಜನರು; ಅವರಿಂದಲೇ ಬದುಕುತ್ತ, ಅವರನ್ನೇ ಹೆದರಿ ಕೊಲ್ಲುವ ಅಥವಾ ಸಂಕೋಲೆಗೆ ಹಾಕುವ ಸಮಾಜ. ತನ್ನ ಪುಟ್ಟ ಮಗನಲ್ಲಿ ಆ ಶಕ್ತಿಯಿದೆಯೆಂದು ತಿಳಿದ ತಂದೆಯೇ ಅವನನ್ನು ಕೊಂದಿರುವುದನ್ನು ತಾಯಿಯು ಮನೆಗೆ ಬಂದು ಕಾಣುವಲ್ಲಿ ಕಥೆಯು ತೊಡಗುತ್ತದೆ. ಶಕ್ತಿಯಿಲ್ಲದಿದ್ದರೆ ಕೊಲೆಯಿಲ್ಲ, ಆದುದರಿಂದ ಅದ್ಭುತವೂ ಶೋಕವೂ ಇಲ್ಲಿ ಒಂದೇ ದಾರದಲ್ಲಿ ಪೋಣಿಸಲ್ಪಟ್ಟಿವೆ. ಬಾಲಕಿ, ಯುವತಿ, ತಾಯಿ ಎಂಬ ಮೂವರ ಕಥೆಗಳನ್ನು ಬೇರೆಬೇರೆಯಾಗಿ ನಡೆಸಿ, ಮೂವರೂ ಒಬ್ಬಳೇ ಎಂಬುದನ್ನು ಮೆಲ್ಲನೆ ಧ್ವನಿಸುವ ಕೌಶಲವು ಶ್ಲಾಘ್ಯ. ದೋಷಗಳೂ ಉಂಟು. ತಾಯಿಯ ಕಥೆಯನ್ನು 'ನೀನು' ಎಂದು ಸಂಬೋಧಿಸಿ ಹೇಳುವುದರಿಂದ ವಾಚಕನಿಗೆ ಮೊದಮೊದಲು ಯಾರೋ ಭುಜವನ್ನು ಹಿಡಿದು ಅಲುಗಿಸಿದಂತಾಗುತ್ತದೆ. ಹೊಸ ಪದಗಳ ಸಂದಣಿಯೋ ಹೇಳತೀರದು. ಗ್ರಂಥದ ಕೊನೆಗೆ ಕೋಶವನ್ನೂ ಕಟ್ಟಬೇಕಾಯಿತು. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೂ ಇದು ತುಸು ಶ್ರಮವೇ. ಮುಂದಿನ ಸಂಪುಟಗಳಲ್ಲಿ ಭೂಮಿಗೆ ಕೋಪವೇಕೆ ಬಂದಿತೆಂಬುದನ್ನು ಬಿಡಿಸಿ ಹೇಳಿದಷ್ಟೂ ಮೊದಲಿನ ಭಯಾನಕವು ಕ್ಷೀಣಿಸಿತು.

ಔಚಿತ್ಯದ ದೃಷ್ಟಿಯಿಂದ ನೋಡಿದರೆ ಕಜುಓ ಇಶಿಗುರೋ ಅವರ 'ಕ್ಲಾರಾ ಅಂಡ್ ದಿ ಸನ್' (೨೦೨೧) ನಿರ್ದುಷ್ಟಪ್ರಾಯವಾದುದು. ಕ್ಲಾರಾ ಮನುಷ್ಯಳಲ್ಲ, ರೋಗಿಯಾದ ಒಬ್ಬ ಹುಡುಗಿಗೆ ಒಡನಾಡಿಯಾಗಲೆಂದು ಅಂಗಡಿಯಿಂದ ಕೊಂಡು ತಂದ ಯಂತ್ರ. ಬಿಸಿಲೇ ಅವಳ ಆಹಾರ. ಆದುದರಿಂದ ಸೂರ್ಯನು ಕರುಣಾಳುವೆಂದೂ, ಬೇಡಿಕೊಂಡರೆ ಹುಡುಗಿಯನ್ನು ಬದುಕಿಸುವನೆಂದೂ ಅವಳು ನಂಬುವುದು ಅವಳ ಪ್ರಕೃತಿಗೆ ಎಷ್ಟು ಸಹಜ! ಅಂಗಡಿಯ ಕಿಟಕಿಯಿಂದ ನೋಡುತ್ತಿದ್ದಾಗ, ಸತ್ತನೆಂದು ಅವಳು ಭಾವಿಸಿದ್ದ ಭಿಕ್ಷುಕನೊಬ್ಬನು ಬಿಸಿಲು ಬಿದ್ದ ಮೇಲೆ ಎದ್ದು ಕುಳಿತನು. ಅವನು ನಿದ್ರಿಸುತ್ತಿದ್ದಿರಬಹುದೆಂಬುದು ವಾಚಕನಿಗೆ ಹೊಳೆಯುತ್ತದೆ, ಅವಳಿಗೆ ಹೊಳೆಯುವುದಿಲ್ಲ. ಅವಳ ಭಕ್ತಿಯೆಲ್ಲವೂ ಈ ಭ್ರಾಂತಿಯಿಂದ ಹುಟ್ಟಿದುದು. ಆದರೂ ಹೊಗೆಯುಗುಳಿ ಸೂರ್ಯನನ್ನು ಮರೆಮಾಡುವ ಯಂತ್ರವನ್ನು ಕೆಡಿಸಲು ತನ್ನ ತಲೆಯೊಳಗಿನ ದ್ರವವನ್ನೇ ಅವಳು ತೆಗೆದುಕೊಡುವಾಗ ನಗುವ ಧೈರ್ಯವು ಯಾರಿಗೂ ಬಾರದು. ಮಯೂರಕವಿಯು ಸೂರ್ಯಶತಕವನ್ನು ರಚಿಸಿ ರೋಗಮುಕ್ತನಾದನೆಂಬ ಐತಿಹ್ಯವನ್ನು ಕೇಳಿ ಬೆಳೆದ ಮನೆಗಳಲ್ಲಿ ಈ ಯಂತ್ರದ ಪ್ರಾರ್ಥನೆಯು ಅಪರಿಚಿತವೆನಿಸದು. ಹುಡುಗಿ ಗುಣಹೊಂದುತ್ತಾಳೆ, ಸೂರ್ಯನಿಂದಲೋ ಅಲ್ಲವೋ ಎಂಬುದನ್ನು ಗ್ರಂಥಕರ್ತನು ಹೇಳುವುದಿಲ್ಲ. ಹೇಳದಿದ್ದುದೇ ಲೇಸಾಯಿತು. ನೆರೆಮನೆಯ ಹುಡುಗನ ತಾಯಿಯು ತನ್ನ ಹಳೆಯ ಸ್ನೇಹಿತನನ್ನು ಕಂಡು ಮಾತಾಡುವ ಪ್ರಸಂಗವು ಮಾತ್ರ ಅತಿದೀರ್ಘ.

ಶ್ರೀಲಂಕೆಯ ವಜ್ರ ಚಂದ್ರಶೇಖರ ಅವರ 'ದಿ ಸೇಂಟ್ ಆಫ್ ಬ್ರೈಟ್ ಡೋರ್ಸ್' (೨೦೨೩) ಭಾರತೀಯ ವಾಚಕರು ವಿಶೇಷವಾಗಿ ಗಮನಿಸತಕ್ಕ ಗ್ರಂಥ. ನಾಯಕನ ಹೆಸರಿನ ಅರ್ಥ ಸಂಕೋಲೆ ಎಂದು. ಮಗುವು ಹುಟ್ಟಿದೊಡನೆ ಅದನ್ನು ಬಂಧನವೆಂದು ಕರೆದು, ರಾಹುಲನೆಂಬ ಹೆಸರು ಅದರಿಂದ ಬಂದಿತೆನ್ನುವ ಬೌದ್ಧಸಂಪ್ರದಾಯವು ಇಲ್ಲಿ ಹಿನ್ನೆಲೆಯಾಗಿದೆ. ಆ ಸಂಪ್ರದಾಯದಲ್ಲಿಯೇ ತಾಯಿಯು ಮಗನನ್ನು ತಂದೆಯ ಬಳಿಗೆ ಪಿತ್ರಾರ್ಜಿತವನ್ನು ಬೇಡಿಕೊಂಡು ಬಾ ಎಂದು ಕಳುಹಿಸುತ್ತಾಳೆ. ಅವನಿಗೆ ಪ್ರವ್ರಜ್ಯೆಯೇ ದಾಯವಾಗಿ ದೊರೆಯುತ್ತದೆ. ಕಾದಂಬರಿಯಲ್ಲಿ ತಾಯಿಯು ಹುಟ್ಟಿದ ಮಗುವಿನ ನೆರಳನ್ನು ಮೊಳೆಯಿಂದ ಹರಿದು ಬೇರ್ಪಡಿಸಿ, ಲೋಕಪೂಜ್ಯನಾದ ತಂದೆಯನ್ನು ಕೊಲ್ಲುವುದಕ್ಕೆಂದೇ ಅವನನ್ನು ಬೆಳೆಸುತ್ತಾಳೆ. ಬೇಡಿಕೊಂಡು ಬಾ ಎಂಬುದು ಕೊಂದು ಬಾ ಎಂದಾಯಿತು. ಶ್ರದ್ಧಾಳುಗಳಿಗೆ ಇದು ಕಿವಿಗೆ ಕಹಿಯಾಗಬಹುದು. ಆದರೆ ಅಶ್ವಘೋಷನು ಯಶೋಧರೆಯ ವಿಲಾಪವನ್ನು ಬರೆದಾಗಲೇ ಮನೆಯಲ್ಲಿ ಉಳಿದವರ ಪಕ್ಷವನ್ನೂ ಕೇಳಬೇಕೆಂಬ ದಾರಿಯು ತೆರೆದಿತ್ತು. ಮುಚ್ಚಿದ ಬಳಿಕ ಎಂದಿಗೂ ತೆರೆಯದ, ಹಿಂಬದಿಯೇ ಇಲ್ಲದ ಬಾಗಿಲುಗಳ ಕಲ್ಪನೆಯು ಮನಸ್ಸನ್ನು ಬಿಡದು. ಕಥೆಯನ್ನು ಇಷ್ಟು ಹೊತ್ತು ಹೇಳುತ್ತಿದ್ದವರು ಯಾರೆಂಬುದು ಕೊನೆಗೆ ತಿಳಿದಾಗ ಹರಿದುಹೋದ ನೆರಳಿಗೆ ಅರ್ಥವು ಬರುತ್ತದೆ. ಅಂತ್ಯವು ಅವಸರದ್ದು, ಬಾಗಿಲುಗಳ ರಹಸ್ಯಕ್ಕೂ ತಂದೆಮಕ್ಕಳ ವೈರಕ್ಕೂ ಹಾಕಿದ ಗಂಟು ಸಡಿಲವಾಗಿದೆ.

ಇವೆಲ್ಲವುಗಳ ಮಧ್ಯೆ ಪುನಃ ಪುನಃ ಓದತಕ್ಕ ಗ್ರಂಥವು ಸೂಸಾನಾ ಕ್ಲಾರ್ಕ್ ಅವರ 'ಪಿರನೇಸಿ'. ೨೦೦೪ರಲ್ಲಿ ಒಂದು ಬೃಹತ್ಕಾದಂಬರಿಯನ್ನು ಬರೆದು ಕೀರ್ತಿಗೊಂಡ ಈ ಲೇಖಕಿಯು ದೀರ್ಘವಾದ ಅನಾರೋಗ್ಯವನ್ನು ಅನುಭವಿಸಿ, ಹದಿನಾರು ವರ್ಷಗಳ ಬಳಿಕ ೨೦೨೦ರಲ್ಲಿ ಈ ಚಿಕ್ಕ ಪುಸ್ತಕವನ್ನು ಹೊರತಂದರು. ಹೆಸರು ಕಾಲ್ಪನಿಕ ಕಾರಾಗೃಹಗಳ ಚಿತ್ರಗಳನ್ನು ಕೊರೆದ ಹದಿನೆಂಟನೆಯ ಶತಮಾನದ ಇಟಲಿಯ ಕಲಾವಿದನದು.

ಲೋಕವೆಲ್ಲವೂ ಒಂದು ಸೌಧ. ಅದಕ್ಕೆ ಕೊನೆಯಿಲ್ಲದಷ್ಟು ಹಜಾರಗಳು. ಎಲ್ಲೆಡೆಯೂ ಅಮೃತಶಿಲೆಯ ಪ್ರತಿಮೆಗಳು. ಕೆಳಗಿನ ಅಂತಸ್ತಿನಲ್ಲಿ ಕಡಲು, ಮೇಲಿನದರಲ್ಲಿ ಮೋಡ. ನಾಯಕನು ಅಲ್ಲಿ ಮೀನನ್ನೂ ಪಾಚಿಯನ್ನೂ ತಿಂದು, ಉಬ್ಬರವಿಳಿತಗಳ ಲೆಕ್ಕವನ್ನಿಟ್ಟು, ದಿನಚರಿಯನ್ನು ಬರೆದುಕೊಂಡು ಬಾಳುತ್ತಾನೆ. ಹುಟ್ಟಿದಂದಿನಿಂದ ಲೋಕದಲ್ಲಿ ಹದಿನೈದು ಜನರು ಮಾತ್ರ ಇದ್ದರೆಂದು ಅವನ ಎಣಿಕೆ. ಅವರಲ್ಲಿ ಹದಿಮೂವರ ಎಲುಬುಗಳು ಮಾತ್ರ ಉಳಿದಿವೆ. ಅವುಗಳಿಗೆ ಅವನು ಅನ್ನಪಾನಾದಿಗಳನ್ನೂ ನೈದಿಲೆಗಳನ್ನೂ ಒಯ್ದು ಅರ್ಪಿಸುತ್ತಾನೆ. ಆಲ್ಬಟ್ರಾಸ್ ಎಂಬ ಕಡಲಹಕ್ಕಿಗಳೆರಡು ಗೂಡು ಕಟ್ಟಲು ಬಂದರೆ, ತಾನು ಉರುವಲಿಗೆಂದು ಒಣಗಿಸಿಟ್ಟ ಪಾಚಿಯನ್ನು ಅವುಗಳಿಗೆ ಕೊಟ್ಟು, ಆ ಸಂವತ್ಸರಕ್ಕೆ ಆ ಹಕ್ಕಿಗಳ ಹೆಸರನ್ನೇ ಇಡುತ್ತಾನೆ. ಪ್ರಭವ ವಿಭವಗಳನ್ನು ಬಲ್ಲ ನಾಡಿನವರಿಗೆ ಹೆಸರುಳ್ಳ ಸಂವತ್ಸರವು ಪರಿಚಿತವೇ. ಅತಿಥಿಯ ಹೆಸರನ್ನು ಹೊತ್ತ ಸಂವತ್ಸರವು ಮಾತ್ರ ಹೊಸದು.

ಅವನು ಬಂದಿಯೆಂಬುದು ಅವನಿಗಿಂತ ಮೊದಲೇ ವಾಚಕನಿಗೆ ಗೋಚರವಾಗುತ್ತದೆ. ವಾರಕ್ಕೆರಡು ಸಲ ಬಂದು ಮಾತಾಡಿ ಹೋಗುವ ಇನ್ನೊಬ್ಬನೇ ಅವನನ್ನು ಅಲ್ಲಿಗೆ ತಂದು ಬಿಟ್ಟವನು; ಆ ಸೌಧವು ಅಲ್ಲಿ ತಂಗಿದವರ ಸ್ಮೃತಿಯನ್ನು ಕ್ರಮೇಣ ನುಂಗಿಬಿಡುತ್ತದೆ. ನಾಯಕನು ಹಿಂದೆ ಹೊರಲೋಕದಲ್ಲಿ ಬುದ್ಧಿವಂತನೂ ಕೊಂಚ ಅಹಂಕಾರಿಯೂ ಆದ ಒಬ್ಬ ಲೇಖಕ. ಇಲ್ಲಿ ಕಾಳಿದಾಸನ ನೆನಪು ಬಾರದಿರದು. ಶಾಕುಂತಲದಲ್ಲಿ ಶಾಪದಿಂದ ಮರೆತ ದುಷ್ಯಂತನು ಮರೆವಿನಲ್ಲಿ ಕಠೋರನಾಗುತ್ತಾನೆ. ಉಂಗುರವು ದೊರೆತು ಸ್ಮೃತಿಯು ಮರಳಿದಾಗ ತನ್ನ ಸ್ವರೂಪವನ್ನು ಮತ್ತೆ ಪಡೆಯುತ್ತಾನೆ. ಕ್ಲಾರ್ಕ್ ಅವರ ನಾಯಕನಾದರೋ ಮರೆವಿನಲ್ಲಿಯೇ ಒಳ್ಳೆಯವನಾದನು. ಹಾಗಾದರೆ ಸ್ಮೃತಿಯು ಮರಳುವುದು ಲಾಭವೋ ನಷ್ಟವೋ? ಅವನನ್ನು ಹುಡುಕಿಕೊಂಡು ಬಂದ ಪೊಲೀಸ್ ಅಧಿಕಾರಿಣಿಯ ಜೊತೆಗೆ ಅವನು ಹೊರಲೋಕಕ್ಕೆ ಮರಳಿದಾಗ ಅವನು ಹಳೆಯ ಲೇಖಕನೂ ಅಲ್ಲ, ಸೌಧದ ಪಿರನೇಸಿಯೂ ಅಲ್ಲ. ಇಬ್ಬರನ್ನೂ ಒಳಗೆ ಹೊತ್ತ ಮೂರನೆಯವನು. ತಂದೆತಾಯಿಗಳಿಗೆ ಮಗನು ಸಿಕ್ಕಿದ್ದಾನೆ. ಸಿಕ್ಕಿದವನು ಅವರ ಮಗನೇ ಎಂದು ಹೇಳುವಂತಿಲ್ಲ. ಇಂತಹ ದುಃಖವನ್ನು ಹೇಳಲು ಆ ಸೌಧವಿಲ್ಲದೆ ಬೇರೆ ಉಪಾಯವು ಯಾವುದಿದೆ? ಬೀದಿಯಲ್ಲಿ ಹೋಗುವ ಮುದುಕನೊಬ್ಬನನ್ನು ಕಂಡು, ಈತನು ಸೌಧದೊಳಗೆ ರಾಜನ ಪ್ರತಿಮೆಯಾಗಿದ್ದಾನೆಂದು ಅವನು ಗುರುತಿಸುವಲ್ಲಿ ಕರುಣವು ಶಾಂತಕ್ಕೆ ತಿರುಗುತ್ತದೆ.

ಗ್ರಂಥದಲ್ಲಿ ಊನವಿಲ್ಲವೆಂದಲ್ಲ. ಖಳನು ಲಘುವಾಗಿ ಚಿತ್ರಿತನಾಗಿದ್ದಾನೆ. ಅವನ ನೀಚತನವು ಮೊದಲಿಂದ ಕಡೆಯವರೆಗೆ ಒಂದೇ ಬಣ್ಣದ್ದು. ಮಧ್ಯಭಾಗದಲ್ಲಿ ನಾಯಕನು ತನ್ನದೇ ಹಳೆಯ ದಿನಚರಿಗಳನ್ನು ತಿರುವಿಹಾಕಿ ನಿಜವನ್ನು ಕಂಡುಹಿಡಿಯುವ ರೀತಿಯು ಪತ್ತೇದಾರಿ ಕಥೆಗೆ ತೀರ ಹತ್ತಿರ. ಬೇಕಾದ ಪುಟವು ಬೇಕಾದ ಹೊತ್ತಿಗೆ ಸಿಕ್ಕಿಬಿಡುತ್ತದೆ. ರಹಸ್ಯವನ್ನು ಬಿಡಿಸುವ ಆತುರಕ್ಕಾಗಿ ಓದುವವರಿಗೆ ಈ ಭಾಗವೇ ಹೆಚ್ಚು ರುಚಿಸಬಹುದು. ಎರಡನೆಯ ಓದಿನಲ್ಲಿ ಅವರೂ ಎಲುಬುಗಳ ಬಳಿಗೂ ಹಕ್ಕಿಗಳ ಬಳಿಗೂ ಮರಳುವರು.

ಇದನ್ನು ಕನ್ನಡಿಸಲು ಹೊರಡುವವರಿಗೆ ಒಂದು ತೊಡಕು ಎದುರಾಗುವುದು. ಮೂಲದಲ್ಲಿ ನಾಯಕನು ಸೌಧ, ಹಜಾರ, ಪ್ರತಿಮೆ, ಉಬ್ಬರ ಮುಂತಾದ ಮಾತುಗಳನ್ನೆಲ್ಲ ಆಂಗ್ಲರು ದೇವರ ಹೆಸರನ್ನು ಬರೆಯುವಂತೆ ದೊಡ್ಡಕ್ಷರದಿಂದ ಆರಂಭಿಸುತ್ತಾನೆ. ಅವನ ಪೂಜ್ಯಭಾವವೆಲ್ಲವೂ ಆ ಅಕ್ಷರದಲ್ಲಿದೆ. ಕನ್ನಡಲಿಪಿಯಲ್ಲಿ ದೊಡ್ಡಕ್ಷರವಿಲ್ಲ. ಎಲ್ಲದಕ್ಕೂ 'ಮಹಾ' ಎಂದು ಹಚ್ಚಿದರೆ ಹುಡುಗನಂತಹ ಆ ಸರಳವಾದ ದನಿಯು ಪುರಾಣಿಕರ ದನಿಯಾಗಿಬಿಡುವುದು. ಆದರೆ ಆಂಗ್ಲಕ್ಕೆ ಇಲ್ಲದ ಗೌರವಬಹುವಚನವು ಕನ್ನಡಕ್ಕಿದೆ. ಬಿಸ್ಕತ್ತಿನ ಡಬ್ಬಿಯ ಪಕ್ಕದಲ್ಲಿ ದೊರೆತ ಎಲುಬುಗಳನ್ನು ಕುರಿತು ಆ ಹುಡುಗನು 'ಅದು' ಎನ್ನದೆ 'ಅವರು' ಎಂದರೆ, 'ಅವರಿಗೆ ಇಂದು ನೈದಿಲೆಯನ್ನು ಒಯ್ದೆನು' ಎಂದು ದಿನಚರಿಯಲ್ಲಿ ಬರೆದರೆ, ದೊಡ್ಡಕ್ಷರದ ಕೆಲಸವು ಆಗಿಹೋಗುವುದು.